ನೊರೆಯ ಬೆನ್ನು ಹತ್ತಿದ ಮಲ್ಸುನ್ ಅಕ್ಕ

ಪ್ಯೋ ಮಲ್ಸುನ್ ಹುಟ್ಟುವ ಹೊತ್ತಿಗೆ ಆ ಮನೆಯಲ್ಲಿ ಆಗಲೇ ನಾಲ್ಕು ಜನ ಹೆಣ್ಣುಮಕ್ಕಳಿದ್ದರು. ಇದೇ ಕೊನೆಯ ಹೆಣ್ಣಾಗಲಿ ಎಂಬ ಆಸೆಯಿಂದ ಅಪ್ಪ ‘ಕೊನೆಯವಳು’ ಎಂಬ ಅರ್ಥ ಬರುವ ಹಾಗೆ ಮಲ್ಸುನ್ ಎಂದು ಹೆಸರಿಟ್ಟರಂತೆ. ಆಮೇಲೆ ಇನ್ನೂ ಇಬ್ಬರು ತಂಗಿಯರು ಹುಟ್ಟಿದರು. “ಹೆಸರಿಟ್ಟು ಹೇಳಿದ್ರೇನೇ ಯಾರೂ ಕೇಳ್ಲಿಲ್ಲ, ಇನ್ನು ಬರೀ ಬಾಯಲ್ಲಿ ಹೇಳಿದ್ರೆ ಕೇಳ್ತಾರಾ” ಎಂದು ಅವರು ಆಗಾಗ ಅನ್ನುವುದುಂಟು. ಹಾಗೆಂದು ಹೇಳುವುದನ್ನು ಬಿಟ್ಟವರಲ್ಲ. ಸುವನ್ ಪಟ್ಟಣದ ನಮ್ಮ ಓಣಿಗೆ ಬಂದು ಇಪ್ಪತ್ತಮೂರು ವರ್ಷವಾಯಿತು. ಅವರು ಹೇಳುತ್ತಲೇ ಇದ್ದಾರೆ, ನಾವು ಕೇಳಿಸದವರಂತೆ ಓಡಾಡುತ್ತಲೇ ಇದ್ದೇವೆ.

ನಾನು ತಕ್ ಗಿಚುಲ್. ಓಣಿಯ ನಡುಮಧ್ಯೆ ಲಾಂಡ್ರಿ ಇಟ್ಟುಕೊಂಡಿದ್ದೇನೆ. ನಮ್ಮ ಓಣಿಯ ಉದ್ದಕ್ಕೂ ರಸ್ತೆಯ ಅಂಚಿನಲ್ಲಿ ಮಳೆನೀರು ಇಳಿಯುವ ಕಬ್ಬಿಣದ ಜಾಲರಿಗಳು ಹದಿನೇಳು ಇವೆ. ಇದು ನಾನು ಎಣಿಸಿ ತಿಳಿದದ್ದಲ್ಲ. ಮಲ್ಸುನ್ ಅಕ್ಕ ಒಂದೊಂದರ ಹೆಸರು ಹಿಡಿದು ಬೈಯುವುದನ್ನು ಕೇಳಿ ಕೇಳಿ ಬಾಯಿಪಾಠವಾದದ್ದು.

ಆರು ವರ್ಷದ ಹಿಂದೆ ಜುಲೈನಲ್ಲಿ ಒಂದು ಮಧ್ಯಾಹ್ನ ಮಳೆ ಹಿಡಿಯಿತು. ಜಂಗ್ಮಾ, ಅಂದರೆ ಬೇಸಿಗೆಯ ನಡುವೆ ಬರುವ ಮಳೆಗಾಲ, ನಮಗೇನು ಹೊಸದಲ್ಲ. ಆದರೆ ಆ ದಿನ ಒಂದೇ ಗಂಟೆಯಲ್ಲಿ ಓಣಿ ಹೊಳೆಯಾಗಿ, ನೀರು ಎರಡು ಮೆಟ್ಟಿಲು ಹತ್ತಿ ನನ್ನ ಹೊಸಿಲು ದಾಟಿತು. ನಾನು ಗಿರಾಕಿಗಳ ಕೋಟು, ಮದುವೆಯ ರೇಷ್ಮೆ ಉಡುಪುಗಳನ್ನೆಲ್ಲ ಎತ್ತಿ ಮೇಲಿನ ಕಂಬಿಗೆ ನೇತುಹಾಕುತ್ತಾ ಆಕಾಶಕ್ಕೆ ಶಾಪ ಹಾಕುತ್ತಿದ್ದೆ. ಗಾಜಿನಾಚೆ ನೋಡಿದರೆ ಒಬ್ಬ ಹೆಂಗಸು ಮೊಣಕಾಲುದ್ದದ ನೀರಿನಲ್ಲಿ ಬಗ್ಗಿ, ತೋಳನ್ನು ಹೆಗಲತನಕ ಮುಳುಗಿಸಿ ಏನನ್ನೋ ತಡಕಾಡುತ್ತಿದ್ದರು. ಪರ್ಸು ಬಿದ್ದಿರಬೇಕು ಅಂದುಕೊಂಡೆ. ಅವರು ಎಳೆದು ತೆಗೆದದ್ದು ಒಂದು ರಬ್ಬರ್ ಚಾಪೆ. ಬೇಸಿಗೆಯಲ್ಲಿ ಮೋರಿಯ ವಾಸನೆ ಬರುತ್ತದೆಂದು ಜಾಲರಿಯ ಮೇಲೆ ನಾನೇ ಹಾಸಿ ಮರೆತಿದ್ದ ಚಾಪೆ. ಅದು ಎದ್ದದ್ದೇ ತಡ, ಕೆಳಗಿನಿಂದ ಯಾರೋ ಗಂಟಲು ಬಿಚ್ಚಿದ ಹಾಗೆ ಗೊಳಗೊಳ ಸದ್ದಾಗಿ ನೀರು ಸುಳಿ ಸುತ್ತುತ್ತಾ ಇಳಿಯಿತು. ಚಾಪೆಯನ್ನು ತಂದು ನನ್ನ ಬಾಗಿಲಿಗೆ ಒರಗಿಸಿದಾಗ ಗುರುತು ಹಿಡಿದೆ, ಮಲ್ಸುನ್ ಅಕ್ಕ.

“ನಿಮ್ದು, ಯಜಮಾನ್ರೇ. ಒಣಗಿಸ್ಕೊಳ್ಳಿ” ಅಂದರು.

ಅಷ್ಟೇ. ಅದಕ್ಕಿಂತ ಹೆಚ್ಚಿಗೆ ಒಂದು ಮಾತೂ ಆಡಲಿಲ್ಲ. ಆಡಿದ್ದರೆ ನಾನೂ ತಿರುಗಿ ಏನಾದರೂ ಅಂದು ಹಗುರಾಗುತ್ತಿದ್ದೆ.

ಆ ಮಳೆಯ ನಂತರ ಅವರಿಗೆ ಜಾಲರಿಯ ಹುಚ್ಚು ಹಿಡಿಯಿತು ಎಂದು ಓಣಿಯಲ್ಲಿ ಹೇಳುತ್ತಾರೆ. ಕಬ್ಬಿಣದ ಒಂದು ಕೊಕ್ಕೆ, ಒಂದು ಇಕ್ಕಳ, ಅಕ್ಕಿ ಚೀಲ ಕತ್ತರಿಸಿ ಹೊಲಿದ ಒಂದು ಸಂಚಿ ಹಿಡಿದು ದಿನಾ ಬೆಳಗ್ಗೆ ಹೊರಡುತ್ತಿದ್ದರು. ಎಲೆ ತೆಗೆಯುವುದು, ಸಿಗರೇಟು ತುಂಡು ಹೆಕ್ಕುವುದು, ಚಾಪೆ ಕಂಡರೆ ಸುರುಳಿ ಸುತ್ತಿ ಮಾಲೀಕರ ಬಾಗಿಲಲ್ಲಿ ನಿಲ್ಲಿಸುವುದು. ವಾರ್ಡು ಕಚೇರಿಯವರು ಒಂದು ದಿನ ಇಂಥವರನ್ನೆಲ್ಲ ಕೂರಿಸಿ ಪಾಠ ಮಾಡಿದರಂತೆ. ಅಲ್ಲಿಂದ ಬಂದ ಮೇಲಂತೂ ಕೇಳುವುದೇ ಬೇಡ.

“ನೆಲದ ಕೆಳಗೆ ಎರಡು ಪೈಪು ಇದೆ ಗೊತ್ತಾ?” ಎಂದು ನನ್ನ ಇಸ್ತ್ರಿ ಮೇಜಿಗೆ ಎರಡೂ ಕೈ ಊರಿ ಕೇಳಿದ್ದರು. “ಒಂದು ಬಚ್ಚಲು, ಕಕ್ಕಸ್ಸು, ಅಡುಗೆಮನೇದು. ಅದು ಶುದ್ಧ ಮಾಡೋ ಕಡೆ ಹೋಗುತ್ತೆ. ಇನ್ನೊಂದು ಮಳೇದು. ಅದು ಎಲ್ಲಿಗೆ ಹೋಗುತ್ತೆ ಹೇಳಿ?”

“ಅದೂ ಅಲ್ಲಿಗೇ ಹೋಗ್ಬೋದು.”

“ಹೋಗಲ್ಲ. ನೇರವಾಗಿ ಬೊದುಲ್ ತೊರೆಗೆ. ಮಧ್ಯದಲ್ಲಿ ಒಂದು ಬಟ್ಟೆ ಕೂಡ ಅಡ್ಡ ಕಟ್ಟಿಲ್ಲ. ನೀವು ಇಲ್ಲಿ ಉಗಿದ್ರೆ ಅಲ್ಲಿ ಮೀನಿನ ತಲೆ ಮೇಲೆ ಬೀಳುತ್ತೆ.”

“ನಾನೆಲ್ಲಿ ಉಗೀತೀನಿ ಅಕ್ಕ?”

“ಮಾತಿಗೆ ಹೇಳ್ದೆ. ಹೆಗಲು ಯಾಕೆ ಮುಟ್ಕೋತೀರ?”

ಮಳೆಗಾಲಕ್ಕೆ ಮುಂಚಿನ ಎರಡು ವಾರ ಅವರನ್ನು ಹಿಡಿಯುವವರೇ ಇರುತ್ತಿರಲಿಲ್ಲ. ಮೊದಲ ಮಳೆಯೇ ಎಲ್ಲಕ್ಕಿಂತ ಕೊಳಕು, ತಿಂಗಳುಗಟ್ಟಲೆ ರಸ್ತೆಯಲ್ಲಿ ಕೂತ ಟೈರಿನ ಮಸಿ, ಎಣ್ಣೆ, ಸಿಗರೇಟು ತುಂಡು ಎಲ್ಲವನ್ನೂ ಒಂದೇ ಏಟಿಗೆ ಗುಡಿಸಿಕೊಂಡು ತೊರೆಗೆ ಹಾಕುತ್ತದೆ, ಅದಕ್ಕೇ ಮಳೆಗೆ ಮುಂಚೆ ನಾವೇ ಗುಡಿಸಬೇಕು ಎಂಬುದು ಅವರ ವಾದ. ಕಚೇರಿಯವರು ಕೊಟ್ಟ ಹಳದಿ ಜಾಕೀಟು ತನಗೆ ಒಪ್ಪುವುದಿಲ್ಲವೆಂದು ಒಂದು ದಿನವೂ ತೊಡಲಿಲ್ಲ. ಹಳದಿಯಲ್ಲಿ ಕಾಮಾಲೆ ಬಂದವರ ಹಾಗೆ ಕಾಣುತ್ತೇನೆ ಅನ್ನುತ್ತಿದ್ದರು.

ಅವರ ಜೊತೆ ಹೆಚ್ಚು ಜಗಳವಾಡಿದ್ದು ನನ್ನ ಪಕ್ಕದ ಹೋಟೆಲಿನ ಬಾಂಗ್. ಹಂದಿಮಾಂಸದ ಸಾರಿಗೆ ಹೆಸರಾದ ಹೋಟೆಲು ಅದು. ಬಾಂಗ್ ಒಬ್ಬಳೇ ನಿಂತು ನಡೆಸುತ್ತಾಳೆ. ಅರವತ್ತರ ಹತ್ತಿರದ ಗಟ್ಟಿ ಹೆಂಗಸು, ಬಾಯಿಯೂ ಹಾಗೇ. ಬೆಳಗ್ಗೆ ಮಲ್ಸುನ್ ಅಕ್ಕ ಅವಳ ಜಾಲರಿಯ ಚಾಪೆ ಎತ್ತಿ ಹೋದರೆ ಸಂಜೆಗೆ ಅದು ಮತ್ತೆ ಅಲ್ಲೇ ಮಲಗಿರುತ್ತಿತ್ತು.

“ಅಕ್ಕ, ನನ್ನ ಗಿರಾಕಿಗಳು ಸಾರು ಕುಡೀಬೇಕಾ, ಮೋರಿ ವಾಸ್ನೆ ಕುಡೀಬೇಕಾ?”

“ವಾಸ್ನೆ ಎಲ್ಲಿಂದ ಬಂತಮ್ಮ? ಪಾತ್ರೆ ತೊಳೆದ ಜಿಡ್ಡು ನೀರೆಲ್ಲ ಅಲ್ಲೇ ಸುರೀತೀಯ. ನೀನೇ ಬಡಿಸಿ, ಆಮೇಲೆ ನೀನೇ ಮುಚ್ಚಳ ಹಾಕ್ತೀಯ.”

“ದಿನಕ್ಕೆ ಒಂದು ಬಕೀಟು. ಒಂದೇ ಒಂದು.”

“ಮೀನು ಬಂದು ನಿನ್ನ ಹತ್ರ ಸಾರು ಕೇಳಿತ್ತಾ?”

ಹೀಗೆ ನಾಲ್ಕೈದು ವರ್ಷ ಚಾಪೆ ಏಳುತ್ತಾ ಮಲಗುತ್ತಾ ಕಾಲ ಕಳೆಯಿತು.

ಹೋದ ವರ್ಷ ಮೇ ತಿಂಗಳಲ್ಲಿ ತೊರೆಯ ನೀರು ಎಂದಿಗಿಂತ ಕೆಳಗಿಳಿದಾಗ ನೊರೆ ಕಣ್ಣಿಗೆ ಬಿತ್ತು. ನಮ್ಮ ಓಣಿಯ ಮಳೆನೀರಿನ ಪೈಪು ಬಂದು ಬಾಯಿ ಬಿಡುವ ಜಾಗದಲ್ಲಿ, ಕಲ್ಲುಗಳ ಸಂದಿಯಲ್ಲಿ, ಬಿಳಿಯ ನೊರೆ ಕೋಳಿಮೊಟ್ಟೆ ಕಡೆದಿಟ್ಟ ಹಾಗೆ ನಿಂತಿತ್ತು. ಹತ್ತು ದಿನದಿಂದ ಒಂದು ಹನಿ ಮಳೆಯಿಲ್ಲ. ಮಳೆಯಿಲ್ಲದಿರುವಾಗ ಮಳೆನೀರಿನ ಪೈಪಿನಲ್ಲಿ ನೀರು ಬರುವುದೇ ತಪ್ಪು, ಅದರಲ್ಲೂ ನೊರೆಯ ನೀರು. ತೊರೆಯ ದಂಡೆಯಲ್ಲಿ ವಾಯುವಿಹಾರಕ್ಕೆ ಹೋಗಿದ್ದ ಮಲ್ಸುನ್ ಅಕ್ಕ ಅದನ್ನು ನೋಡಿದರು. ಓಣಿಯಲ್ಲಿ ಸೋಪಿನ ವ್ಯವಹಾರ ಇರುವವನು ಯಾರು? ನಾನು.

ಸಿಟ್ಟು ಬಂದಷ್ಟೂ ಅವರ ಮಾತಿನಲ್ಲಿ ಮರ್ಯಾದೆ ಜಾಸ್ತಿಯಾಗುತ್ತದೆ. ಸೋಮವಾರ ಬೆಳಗ್ಗೆ ಅಂಗಡಿಯೊಳಗೆ ಬಂದು ಸೊಂಟ ಬಗ್ಗಿಸಿ ನಮಸ್ಕಾರ ಮಾಡಿದಾಗಲೇ ನಾನು ಇಸ್ತ್ರಿ ಪೆಟ್ಟಿಗೆಯನ್ನು ಬದಿಗಿಟ್ಟೆ.

“ತಕ್ ಯಜಮಾನ್ರು ಕ್ಷೇಮವಾಗಿದೀರಾ? ತಮ್ಮ ವ್ಯಾಪಾರ ಚೆನ್ನಾಗಿ ನಡೀತಿದ್ಯಾ?”

“ಹೀಗೇ ನಡೀತಿದೆ ಅಕ್ಕ.”

“ಚೆನ್ನಾಗೇ ನಡೀತಿರ್ಬೇಕು. ತೊರೆ ತುಂಬಾ ತಮ್ಮ ಕೀರ್ತಿ ತೇಲ್ತಾ ಇದೆ.”

ನನ್ನ ತೊಳೆಯುವ ನೀರೆಲ್ಲ ಹಿಂದಿನ ಕೋಣೆಯಿಂದ ಕೊಳಚೆ ಪೈಪಿಗೇ ಹೋಗುತ್ತದೆ, ಪರವಾನಗಿ ಕೊಡುವಾಗ ಬಂದು ನೋಡಿಕೊಂಡು ಹೋಗಿದ್ದಾರೆ ಎಂದು ವಿವರಿಸಿದೆ. ಅವರು ಎಲ್ಲವನ್ನೂ ತಲೆಯಾಡಿಸುತ್ತಾ ಕೇಳಿ, “ತಾವು ಹೇಳಿದ ಮೇಲೆ ಆಯ್ತು” ಎಂದು ಹೋದರು. ಮಧ್ಯಾಹ್ನದ ಹೊತ್ತಿಗೆ ಬಾಂಗ್‌ಳ ಹೋಟೆಲಿನಲ್ಲಿ ಊಟಕ್ಕೆ ಕೂತವರೆಲ್ಲ ನನ್ನನ್ನು ಒಂದು ತರಹ ನೋಡಿದರು. ಬಾಂಗ್ ನನಗೆ ಅನ್ನ ಬಡಿಸುತ್ತಾ, “ಇಷ್ಟು ದಿನ ನನ್ನೊಬ್ಬಳದೇ ತಪ್ಪಾಗಿತ್ತು. ನೀವು ಜೊತೆಗೆ ಬಂದ್ರಲ್ಲ, ಸಮಾಧಾನ ಆಯ್ತು” ಅಂದಳು.

ಸತ್ಯ ಹೇಳುತ್ತೇನೆ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡವನ ಹಾಗೆ, ನಾನು ಆ ಸಂಜೆ ಹಿಂದಿನ ಕೋಣೆಗೆ ಹೋಗಿ ನೆಲಕ್ಕೆ ಮಂಡಿಯೂರಿ ನನ್ನ ಪೈಪನ್ನು ನಾನೇ ಪರೀಕ್ಷೆ ಮಾಡಿದೆ. ಅದು ಸರಿಯಾಗೇ ಇತ್ತು. ಆಗ ನನಗೂ ಸಿಟ್ಟು ಬಂತು. ಮಾರನೇ ದಿನ ಕೊಕ್ಕೆ ಹಿಡಿದು ಬಂದ ಅಕ್ಕನನ್ನು ತಡೆದು ನಿಲ್ಲಿಸಿದೆ.

“ನೊರೆ ಯಾವತ್ತು ನೋಡಿದ್ರಿ?”

“ಭಾನುವಾರ ಬೆಳಗ್ಗೆ. ಅದರ ಹಿಂದಿನ ಭಾನುವಾರಾನೂ ಇತ್ತು.”

“ಭಾನುವಾರ ನನ್ನ ಅಂಗಡಿ ಮುಚ್ಚಿರುತ್ತಲ್ಲ ಅಕ್ಕ. ನಾನು ಬೆಟ್ಟ ಹತ್ತೋಕೆ ಹೋಗಿರ್ತೀನಿ.”

ಅವರು ಕೊಕ್ಕೆಯ ತುದಿಗೆ ಸಿಕ್ಕಿದ್ದ ಎಲೆಯೊಂದನ್ನು ಕಿತ್ತು ಸಂಚಿಗೆ ಹಾಕಿದರು.

“ಅದನ್ನ ಮೊದ್ಲೇ ಹೇಳ್ಬಾರ್ದಾ?”

“ನೀವು ಹೇಳೋಕೆ ಬಿಟ್ರಾ?”

“ಆಯ್ತು ಬಿಡಿ. ಈ ಭಾನುವಾರ ಬೆಟ್ಟ ಬಿಟ್ಟು ನನ್ ಜೊತೆ ಬನ್ನಿ. ಕಳ್ಳ ನೀವಲ್ದಿದ್ರೆ ಕಳ್ಳನ್ನ ಹಿಡಿಯೋಕೆ ನಿಮಗೇನು ಕಷ್ಟ?”

ಭಾನುವಾರ ಬೆಳಗ್ಗೆ ಒಂಬತ್ತಕ್ಕೆ ರಬ್ಬರ್ ಬೂಟು ಹಾಕಿಕೊಂಡು ತೊರೆಯ ದಂಡೆಯಲ್ಲಿ ನಿಂತಿದ್ದೆ. ಪೈಪಿನ ಬಾಯಿಂದ ಬೆರಳಿನಷ್ಟು ದಪ್ಪದ ನೀರು ಇಳಿಯುತ್ತಿತ್ತು, ನೊರೆ ಆಗಲೇ ಕಟ್ಟಲು ಶುರುವಾಗಿತ್ತು.

ನಾವು ಕೆಳಗಿನಿಂದ ಮೇಲಕ್ಕೆ ಹೊರಟೆವು. ಒಂದೊಂದು ಜಾಲರಿಯ ಹತ್ತಿರವೂ ಅಕ್ಕ ಕೊಕ್ಕೆ ಹಾಕಿ ಎತ್ತುತ್ತಿದ್ದರು, ನಾನು ಟಾರ್ಚು ಬಿಟ್ಟು ಒಳಗೆ ನೋಡುತ್ತಿದ್ದೆ. ನೀರು ಹರಿಯುತ್ತಿದ್ದರೆ ಮುಂದಿನದಕ್ಕೆ ನಡೆ. ಓಣಿ ಕವಲೊಡೆಯುವ ಕಡೆ ಎರಡೂ ಬದಿ ನೋಡಿದೆವು. ಎಡಗಡೆ ನನ್ನ ಲಾಂಡ್ರಿ, ಬಾಂಗ್‌ಳ ಹೋಟೆಲು ಇರುವ ಬದಿ, ಪೂರಾ ಒಣಗಿತ್ತು. ಬಾಂಗ್ ಬಾಗಿಲಲ್ಲಿ ಈರುಳ್ಳಿಸೊಪ್ಪು ಸೋಸುತ್ತಾ ಕೂತಿದ್ದಳು.

“ಚೆನ್ನಾಗಿ ನೋಡ್ಕೊಳ್ಳಿ ಅಕ್ಕ. ನನ್ನ ಕಡೆ ಧೂಳು ಏಳ್ತಿದೆ.”

“ಇವತ್ತು ಭಾನುವಾರ, ನಿನ್ನ ಬಕೀಟಿಗೆ ರಜೆ” ಅಂದರು ಅಕ್ಕ, ತಲೆಯೆತ್ತದೆ.

ನೀರು ಬರುತ್ತಿದ್ದುದು ಬಲಗಡೆಯಿಂದ, ಮನೆಗಳೇ ಇರುವ ಏರುದಾರಿಯಿಂದ. ಅಲ್ಲಿಯ ಎರಡನೇ ಜಾಲರಿಯ ಹತ್ತಿರ ನಾನು ಮಂಡಿಯೂರಿ ಬಗ್ಗಿದಾಗ ವಾಸನೆ ಮೂಗಿಗೆ ಬಡಿಯಿತು. ಮೂವತ್ತು ವರ್ಷ ಬಟ್ಟೆಯ ಜೊತೆ ಬಾಳಿದವನ ಮೂಗು ಇದು. ಯಾವ ಮನೆಯಲ್ಲಿ ಯಾವ ಸೋಪು, ಯಾರ ಗಂಡ ಕದ್ದು ಸಿಗರೇಟು ಸೇದುತ್ತಾನೆ, ಎಲ್ಲ ಅದಕ್ಕೆ ಗೊತ್ತು. ಪೀಚ್ ಹಣ್ಣಿನ ಪರಿಮಳ. ಬಟ್ಟೆ ಮೆತ್ತಗಾಗಲಿ ಎಂದು ಕೊನೆಯ ನೀರಿಗೆ ಹಾಕುವ ದ್ರವ, ಅದೂ ಹಾಕಬೇಕಾದ್ದಕ್ಕಿಂತ ಎರಡರಷ್ಟು.

ಆ ಪರಿಮಳ ನಮ್ಮ ಓಣಿಯಲ್ಲಿ ಒಬ್ಬರ ಅಂಗಿಗೆ ಮಾತ್ರ ಇತ್ತು. ಮೇಂಗ್ ದೊಕ್ಜುನ್ ಎಂಬ ನಿವೃತ್ತ ಬಸ್ ಡ್ರೈವರ್. ಅವರು ಅಂಗಿಗಳನ್ನು ಮನೆಯಲ್ಲೇ ಒಗೆಸಿ ಇಸ್ತ್ರಿಗೆ ಮಾತ್ರ ನನ್ನ ಹತ್ತಿರ ತರುತ್ತಿದ್ದರು. ಅವರು ಬಂದು ಹೋದ ಮೇಲೆ ಅರ್ಧ ಗಂಟೆ ಅಂಗಡಿಯಲ್ಲಿ ಹಣ್ಣಿನ ತೋಟ ಇರುತ್ತಿತ್ತು. ಆ ಮೇಂಗ್ ಅವರು ಮಲ್ಸುನ್ ಅಕ್ಕನ ಯಜಮಾನರು.

ಆಗಲೇ ಹೇಳಿಬಿಡಬಹುದಿತ್ತು. ಹೇಳಲಿಲ್ಲ. ಒಂದು ವಾರ ಕಳ್ಳನಾಗಿ ಓಡಾಡಿದವನಿಗೆ ಅಷ್ಟು ಹಕ್ಕಿಲ್ಲವೇ?

“ಏನು ವಾಸ್ನೆ?” ಅಂದರು ಅಕ್ಕ.

“ಯಾವುದೋ ಹಣ್ಣಿನದು. ಮುಂದಕ್ಕೆ ನಡೀರಿ, ಗೊತ್ತಾಗುತ್ತೆ.”

ಮುಂದಿನ ಜಾಲರಿ, ಅದರ ಮುಂದಿನದು. ಕೊನೆಯದು ಇದ್ದದ್ದು ನಾಲ್ಕು ಮಹಡಿ, ಎಂಟು ಮನೆಗಳ ಒಂದು ಹಳೆಯ ಕಟ್ಟಡದ ಗೋಡೆಯ ಬುಡದಲ್ಲಿ. ತಾರಸಿಯಿಂದ ಮಳೆನೀರು ಇಳಿಸುವ ಪೈಪು ಬಾಲ್ಕನಿಗಳ ಪಕ್ಕದಲ್ಲೇ ಇಳಿದು ಆ ಜಾಲರಿಯೊಳಗೆ ಹೋಗಿತ್ತು. ಬಿಸಿಲು ಸುಡುತ್ತಿದ್ದರೂ ಪೈಪಿನೊಳಗೆ ಸರಸರ ನೀರಿನ ಸದ್ದು.

ಅದು ತನ್ನದೇ ಕಟ್ಟಡ ಎಂದು ಅಕ್ಕನಿಗೆ ಗೊತ್ತಿತ್ತು. ಆದರೆ ಮುಖದಲ್ಲಿ ಒಂದಿಷ್ಟೂ ಅಳುಕಿರಲಿಲ್ಲ, ಗೆಲುವೇ ಇತ್ತು.

“ನಂಗೆ ಗೊತ್ತಿತ್ತು. ಮೂರನೇ ಮಹಡಿ ಯೋಮ್. ಆ ಹೆಂಗಸು ಬೀದಿ ಬೆಕ್ಕಿನ ಹಾಸಿಗೇನೂ ಮೆಷಿನ್ನಿಗೆ ಹಾಕ್ತಾಳೆ. ಇರಿ.”

ಫೋನು ತೆಗೆದು ಎರಡನೇ ಮಹಡಿಯಲ್ಲಿದ್ದ ಯಜಮಾನರಿಗೆ ಮಾಡಿದರು. ಸ್ಪೀಕರ್ ಹಾಕಿದ್ದು ನಾನು ಸಾಕ್ಷಿಯಾಗಲಿ ಎಂದು.

“ರೀ, ಒಂದ್ ಕೆಲಸ ಮಾಡಿ. ಮೆಟ್ಟಿಲು ಹತ್ತಿ ಹೋಗಿ ಯೋಮ್ ಮನೆ ಬಾಗಿಲಿಗೆ ಕಿವಿ ಕೊಡಿ. ವಾಷಿಂಗ್ ಮೆಷಿನ್ ಓಡ್ತಿದ್ಯಾ ನೋಡಿ.”

“ಕೇಳಿಸಲ್ವೇ” ಅಂದರು ಮೇಂಗ್ ನಿಧಾನವಾಗಿ. “ನಮ್ದೇ ಓಡ್ತಿದ್ಯಲ್ಲ, ಅದರ ಗಲಾಟೆ. ನೀನು ಹೋಗೋವಾಗ ಬಟ್ಟೆ ಹಾಕು ಅಂದಿದ್ದೆ. ಹಾಕಿದೀನಿ.”

ಅಕ್ಕ ಪೈಪನ್ನು ನೋಡಿದರು. ಆಮೇಲೆ ನನ್ನನ್ನು. ನಾನು ಪಕ್ಕದ ಗೋಡೆಯ ಮೇಲಿನ ಗುಲಾಬಿ ಬಳ್ಳಿಯನ್ನು ಬಹಳ ಆಸಕ್ತಿಯಿಂದ ನೋಡುತ್ತಿದ್ದೆ.

“ನಿಲ್ಸಿ” ಅಂದರು ಫೋನಿಗೆ.

“ಏನನ್ನ?”

“ಮೆಷಿನ್ನು.”

ಪೈಪಿನೊಳಗಿನ ಸದ್ದು ಸಣ್ಣದಾಗಿ ನಿಂತಿತು.

“ಹಾಕಿ.”

ಸರಸರ ಶುರುವಾಯಿತು.

“ನಿಲ್ಸಿ.”

“ಏನೇ ಇದು, ಸಿಗ್ನಲ್ ಲೈಟಾ?” ಅಂದರು ಮೇಂಗ್.

ಅಕ್ಕ ಫೋನು ಇಟ್ಟು ಕಟ್ಟಡದ ಮೆಟ್ಟಿಲ ಮೇಲೆ ಕೂತರು. ಕೊಕ್ಕೆಯನ್ನು ಮಡಿಲಲ್ಲಿ ಅಡ್ಡ ಇಟ್ಟುಕೊಂಡರು. ನಾನು ಮನಸ್ಸಿನಲ್ಲಿ ಒಂದು ವಾರದಿಂದ ತಯಾರು ಮಾಡಿಟ್ಟ ಮಾತುಗಳಿದ್ದವು, ಒಂದಕ್ಕಿಂತ ಒಂದು ಖಾರ. ಆ ಮುಖ ನೋಡಿದ ಮೇಲೆ ಅವನ್ನೆಲ್ಲ ಬಿಟ್ಟು ಟಾರ್ಚು ಆರಿಸಿ ಜೇಬಿಗೆ ಹಾಕಿಕೊಂಡೆ.

“ಬಾಲ್ಕನಿ ನೆಲದಲ್ಲಿ ಒಂದು ತೂತಿದೆ” ಅಂದರು. “ಈ ಮನೆಗೆ ಬಂದ ದಿನ ಮೆಷಿನ್ ಪೈಪನ್ನ ಅದರೊಳಗೆ ನಾನೇ ಇಳಿಸ್ದೆ. ನೀರು ಹೋಗುತ್ತೆ, ಒಳ್ಳೇದಾಯ್ತು ಅಂತ ಖುಷಿಪಟ್ಟಿದ್ದೆ. ಅದು ಮಳೆ ಪೈಪಿಗೆ ಸೇರಿರೋ ತೂತು ಅಂತ ಯೋಚ್ನೇನೇ ಮಾಡ್ಲಿಲ್ಲ.”

“ಎಲ್ರ ಮನೇಲೂ ಬಾಲ್ಕನೀಲೇ ಇರುತ್ತೆ ಅಕ್ಕ.”

“ಎಲ್ರೂ ಕೊಕ್ಕೆ ಹಿಡ್ಕೊಂಡು ಊರವರ ಮೋರಿ ಇಣುಕಲ್ವಲ್ಲ.” ಬೆರಳು ಮಡಿಸಿ ಎಣಿಸಿ, “ಇಪ್ಪತ್ತೆರಡು ವರ್ಷ. ವಾರಕ್ಕೆ ಮೂರು ಸಲ. ಭಾನುವಾರ ಹಾಸಿಗೆ ಬಟ್ಟೆ ಬೇರೆ” ಅಂದರು. ಆಮೇಲೆ ನನ್ನ ಕಡೆ ತಿರುಗಿದರು. “ಹಣ್ಣಿನ ವಾಸ್ನೆ ಅಂದ್ರಲ್ಲ, ಆಗಲೇ ಗೊತ್ತಾಗಿತ್ತಾ ನಿಮಗೆ?”

“ಸ್ವಲ್ಪ ಅನುಮಾನ ಬಂದಿತ್ತು.”

“ಸ್ವಲ್ಪ” ಅಂದರು ಅವರು, ಎದ್ದು ಒಳಗೆ ಹೋದರು.

ಮೂರು ದಿನ ಓಣಿಯಲ್ಲಿ ಕೊಕ್ಕೆಯ ಸದ್ದು ಕೇಳಲಿಲ್ಲ. ಸುದ್ದಿ ಮಾತ್ರ ಆ ಭಾನುವಾರ ಮಧ್ಯಾಹ್ನಕ್ಕೇ ಎಲ್ಲ ಕಡೆ ಮುಟ್ಟಿತ್ತು. ನಾನು ಒಬ್ಬರಿಗೇ ಹೇಳಿದ್ದು, ಆದರೆ ಆ ಒಬ್ಬರು ಬಾಂಗ್. “ಹೇಳೋದು ಆಚಾರ, ತಿನ್ನೋದು ಬದನೆಕಾಯಿ” ಎಂದು ಅವಳು ಬಂದ ಗಿರಾಕಿಗಳಿಗೆಲ್ಲ ಸಾರಿನ ಜೊತೆಗೆ ಬಡಿಸಿದಳು. ಮೊದಲ ದಿನ ಎಲ್ಲರೂ ನಕ್ಕರು. ಎರಡನೇ ದಿನ ಜಾಲರಿಗಳ ಮೇಲೆ ಎಲೆ, ಸಿಗರೇಟು ತುಂಡು, ಯಾರೋ ಕುಡಿದು ಬಿಸಾಕಿದ ಕಾಫಿ ಲೋಟ. ಮೂರನೇ ದಿನ ಬಾಂಗ್ ನನ್ನ ಅಂಗಡಿಗೆ ಬಂದು, ಇಸ್ತ್ರಿಗೆ ಏನೂ ಕೊಡುವುದಿಲ್ಲದೆ ನಿಂತಳು.

“ಅಕ್ಕ ಹುಷಾರಾಗಿದಾರಂತಾ?”

“ನನಗೇನು ಗೊತ್ತು?”

“ಚಾಪೆ ಹಾಸಿ ಮೂರು ದಿನ ಆಯ್ತು. ಯಾರೂ ಎತ್ಲಿಲ್ಲ. ಒಂಥರಾ ಆಗುತ್ತೆ” ಅಂದಳು.

ನಾಲ್ಕನೇ ದಿನ ಹನ್ನೊಂದರ ಹೊತ್ತಿಗೆ ಮಲ್ಸುನ್ ಅಕ್ಕ ಬಂದರು. ಕೈಯಲ್ಲಿ ಕೊಕ್ಕೆಯಲ್ಲ, ದೊಡ್ಡ ಬೇಸಿನ್ನು. ಅದರ ತುಂಬ ಹಬೆಯಾಡುವ ಅಕ್ಕಿ ಕಡುಬು, ಮೇಲೆ ಕೆಂಪು ಕಾಳು ಉದುರಿಸಿ ಚೌಕ ಚೌಕವಾಗಿ ಕತ್ತರಿಸಿದ್ದು. ನಮ್ಮಲ್ಲಿ ಹೊಸ ಮನೆಗೆ ಬಂದವರು ಅಕ್ಕಪಕ್ಕದವರಿಗೆ ಹಂಚುತ್ತಾರಲ್ಲ, ಅದೇ.

“ಮನೆ ಬದಲಾಯಿಸ್ತಿದೀರಾ ಅಕ್ಕ?” ಎಂದೆ ಗಾಬರಿಯಾಗಿ.

“ನಾವಲ್ಲ. ನಮ್ಮ ವಾಷಿಂಗ್ ಮೆಷಿನ್ನು. ಬಾಲ್ಕನಿಯಿಂದ ಬಚ್ಚಲಮನೆಗೆ ಹೋಯ್ತು. ಇನ್ಮೇಲೆ ಅದರ ನೀರು ಕೊಳಚೆ ಪೈಪಿಗೆ. ತಗೊಳ್ಳಿ, ಮನೆ ಬದಲಾಯಿಸಿದ ಕಡುಬು.”

ಬೇರೆಯವರಿಗೆಲ್ಲ ಒಂದೊಂದು ತುಂಡು, ನನಗೆ ಎರಡು. ಕ್ಷಮೆ ಎಂಬ ಪದ ಅವರ ಬಾಯಿಂದ ಬರಲಿಲ್ಲ, ಬರುವುದೂ ಇಲ್ಲ. ಆದರೆ ಹೊರಗೆ ಹೋಗಿ ರಸ್ತೆಯ ನಡುವೆ ನಿಂತು, ಹೋಗುವ ಬರುವವರಿಗೆಲ್ಲ ಕೇಳುವಂತೆ, “ಈ ಲಾಂಡ್ರಿಯವರ ನೀರು ಸರಿಯಾದ ಕಡೆಗೇ ಹೋಗುತ್ತೆ. ತಪ್ಪು ಹೇಳಿದ್ದು ನಾನು” ಅಂದರು. ಆಗ ನನಗೇ ನಾಚಿಕೆಯಾಗಿ ಒಳಗೆ ಸರಿದೆ.

ಅಲ್ಲಿಂದ ಬಾಂಗ್‌ಳ ಹೋಟೆಲು. ಇಬ್ಬರ ನಡುವೆ ಏನಾಗುತ್ತದೋ ಎಂದು ನಾನು ಬಾಗಿಲಲ್ಲಿ ನಿಂತೆ. ಬಾಂಗ್ ಕಡುಬು ತೆಗೆದುಕೊಂಡು ಅಲ್ಲೇ ನಿಂತು ತಿಂದಳು.

“ಎಷ್ಟು ವರ್ಷ ಅಂದ್ರಿ ಅಕ್ಕ?”

“ಇಪ್ಪತ್ತೆರಡು.”

“ನನ್ನ ಬಕೀಟು ಹನ್ನೊಂದು ವರ್ಷ ಅಷ್ಟೇ.”

“ನನ್ನ ಮುಂದೆ ನೀನು ಏನೇನೂ ಅಲ್ಲ” ಅಂದರು ಅಕ್ಕ. “ಅದಕ್ಕೇ ನಿನಗೆ ಹೇಳೋಕೆ ನಂಗೆ ಮುಖ ಇಲ್ಲ. ಹೇಳಲ್ಲ. ನಿನ್ನಿಷ್ಟ.”

ಬಾಂಗ್ ಬೆರಳು ನೆಕ್ಕಿಕೊಂಡಳು. ಬೈದಿದ್ದರೆ ಇನ್ನೂ ಹನ್ನೊಂದು ವರ್ಷ ಸುರಿಯುತ್ತಿದ್ದಳು, ನನಗೆ ಅವಳು ಗೊತ್ತು. ಹೇಳಲ್ಲ ಎಂದದ್ದೇ ಅವಳಿಗೆ ತಡೆಯಲಾಗಲಿಲ್ಲ. “ಹೇಳ್ದೆ ಇರೋಕೆ ನೀವ್ಯಾರು?” ಎಂದು ಗೊಣಗುತ್ತಾ ಹೋಗಿ ಚಾಪೆಯನ್ನು ಎಳೆದು ತಂದು ತನ್ನ ಅಡುಗೆಮನೆಯ ಬಾಗಿಲಲ್ಲಿ ಕಾಲೊರೆಸಲು ಹಾಸಿದಳು. ಜಿಡ್ಡು ನೀರು ಆಮೇಲೂ ಕೆಲವು ಸಲ ಮೋರಿಗೆ ಬಿತ್ತು. ಸುಳ್ಳೇಕೆ ಹೇಳಲಿ. ಆದರೆ ಬೇಸಿಗೆ ಮುಗಿಯುವ ಹೊತ್ತಿಗೆ ಒಲೆಯ ಪಕ್ಕ ಜಿಡ್ಡು ಸೋಸಿಡುವ ಒಂದು ಡಬ್ಬ ಬಂದಿತ್ತು.

ಇನ್ನು ಉಳಿದದ್ದು ಆ ಕಟ್ಟಡದ ಬೇರೆ ಏಳು ಮನೆಗಳು. ಎಲ್ಲರ ಮೆಷಿನ್ನೂ ಬಾಲ್ಕನಿಯಲ್ಲಿ, ಎಲ್ಲರ ನೀರೂ ಅದೇ ತೂತಿನಲ್ಲಿ. ಅಕ್ಕ ಯಾರಿಗೂ ಉಪದೇಶ ಮಾಡಲಿಲ್ಲ. ತಮ್ಮ ಬಚ್ಚಲಮನೆ ನೋಡಿ ಬನ್ನಿ ಎಂದು ಕರೆದರು. ಅದರ ಅರ್ಧ ಮೆಷಿನ್ನೇ ತುಂಬಿಕೊಂಡಿತ್ತು. ಸ್ನಾನ ಮಾಡಬೇಕಾದರೆ ಅದನ್ನು ತಬ್ಬಿಕೊಂಡು ನಿಲ್ಲಬೇಕು, ಕಕ್ಕಸ್ಸಿಗೆ ಕೂರಬೇಕಾದರೆ ಓರೆಯಾಗಿ. ಮೇಂಗ್ ಅವರು ಬಂದವರಿಗೆಲ್ಲ ಕೂತು ತೋರಿಸುತ್ತಿದ್ದರು, ಬಟ್ಟೆ ಹಾಕಿಕೊಂಡೇ.

“ಮೂವತ್ತೊಂದು ವರ್ಷ ಬಸ್ಸು ಓಡಿಸ್ದೆ” ಎಂದು ನನಗೂ ಹೇಳಿದರು. “ಇಷ್ಟು ಇಕ್ಕಟ್ಟಲ್ಲಿ ಪಾರ್ಕಿಂಗ್ ಮಾಡಿರ್ಲಿಲ್ಲ.”

ನೋಡಿದ ಯಾರಿಗೂ ಮೆಷಿನ್ನನ್ನು ಬಚ್ಚಲಿಗೆ ಒಯ್ಯುವ ಆಸೆ ಹುಟ್ಟಲಿಲ್ಲ. ಹುಟ್ಟಿದ್ದು ಬೇರೆ ಯೋಚನೆ. ಬಾಲ್ಕನಿಯ ನೀರನ್ನೇ ಮಳೆ ಪೈಪಿನಿಂದ ಬಿಡಿಸಿ ಕೊಳಚೆ ಪೈಪಿಗೆ ಸೇರಿಸಿದರೆ ಹೇಗೆ ಎಂದು ಕೇಳಿದವಳು, ನೋಡಿ, ಮೂರನೇ ಮಹಡಿಯ ಯೋಮ್. ಅವಳ ತಮ್ಮ ಪೈಪಿನ ಕೆಲಸದವನು. ತನ್ನ ಮೇಲೆ ಮೊದಲು ಅನುಮಾನ ಬಂದಿತ್ತೆಂದು ಅವಳಿಗೆ ಯಾರೋ ಹೇಳಿದ್ದರು. ಅದನ್ನು ಇಟ್ಟುಕೊಂಡು ಅಕ್ಕನಿಂದ ಎರಡು ತಿಂಗಳು ಬೆಕ್ಕುಗಳಿಗೆ ಮೀನಿನ ತಲೆ ತರಿಸಿಕೊಂಡಳು. ಅಕ್ಕ ಬಾಯಿ ಮುಚ್ಚಿಕೊಂಡು ತಂದು ಕೊಟ್ಟರು.

ಎಂಟೂ ಮನೆಯವರ ಸಹಿ ಹಾಕಿಸಿ, ವಾರ್ಡು ಕಚೇರಿಗೆ ಅಲೆದು, ಕೆಲಸ ಮುಗಿದದ್ದು ಅಕ್ಟೋಬರಿನಲ್ಲಿ. ಹಳೆಯ ಪೈಪು ತಾರಸಿಯ ಮಳೆಗೆ, ಪಕ್ಕದಲ್ಲಿ ಬೂದು ಬಣ್ಣದ ಹೊಸ ಪೈಪು ಬಾಲ್ಕನಿಯ ನೀರಿಗೆ. ಅದೇ ಸಂಜೆ ಮೇಂಗ್ ಅವರು ಮೆಷಿನ್ನನ್ನು ತಾವೇ ದೂಡಿಕೊಂಡು ಹೋಗಿ ಬಾಲ್ಕನಿಯಲ್ಲಿ ನಿಲ್ಲಿಸಿದರು. ಈ ಸಲ ಕಡುಬಿಲ್ಲವೇ ಎಂದು ನಾನು ಕೇಳಿದೆ.

“ಗಂಡನ ಮನೆಗೆ ಹೋದವಳು ತವರಿಗೆ ವಾಪಸ್ ಬಂದ್ರೆ ಯಾರು ಕಡುಬು ಹಂಚ್ತಾರೆ?” ಅಂದರು ಅಕ್ಕ.

ತೊರೆಯಲ್ಲಿ ನೊರೆ ಪೂರ್ತಿ ನಿಂತಿಲ್ಲ. ನಮ್ಮ ಓಣಿಯ ಪೈಪಿನ ಬಾಯಲ್ಲಿ ಇಲ್ಲ, ಆದರೆ ಅದರ ಮೇಲುಗಡೆ ಇನ್ನೂ ಹತ್ತಾರು ಬಾಯಿಗಳಿವೆ, ಒಂದೊಂದರ ಹಿಂದೆಯೂ ಎಷ್ಟೋ ಬಾಲ್ಕನಿಗಳು. ಅಕ್ಕ ಪಕ್ಕದ ಓಣಿಗೂ ಹೋಗುತ್ತೇನೆಂದು ಹೊರಟಿದ್ದರು. ಅಷ್ಟರಲ್ಲಿ ಮೊಣಕಾಲು ಕೈಕೊಟ್ಟಿತು. ಎಪ್ಪತ್ತೊಂದು ವರ್ಷದ ಮೂಳೆ, ದಿನಕ್ಕೆ ಹದಿನೇಳು ಸಲ ಬಗ್ಗಿ ಏಳುವುದೆಂದರೆ ಸುಮ್ಮನೆಯೇ? ಈ ಫೆಬ್ರವರಿಯಲ್ಲಿ ಶಸ್ತ್ರಚಿಕಿತ್ಸೆಯಾಯಿತು.

ನಾನು ಪಿಯರ್ ಹಣ್ಣಿನ ಪೆಟ್ಟಿಗೆ ಹಿಡಿದು ಆಸ್ಪತ್ರೆಗೆ ಹೋದ ದಿನ ಹೊರಗೆ ಒಂದೇ ಸಮನೆ ಮಳೆ. ನಾಲ್ಕನೇ ಮಹಡಿಯ ಕೋಣೆಯಲ್ಲಿ ಅಕ್ಕ ಮಂಚವನ್ನು ಕಿಟಕಿಯ ಕಡೆಗೆ ತಿರುಗಿಸಿಕೊಂಡು ಕೂತಿದ್ದರು. ಮೇಂಗ್ ಅವರು ಮೂಲೆಯಲ್ಲಿ ಹಣ್ಣು ಸುಲಿಯುವ ಚಾಕು ಹುಡುಕುತ್ತಿದ್ದರು. ನಾನು ನೋವು ಹೇಗಿದೆ ಎಂದು ಕೇಳುವುದಕ್ಕೂ ಬಿಡದೆ ಅಕ್ಕ ಕೆಳಗೆ ಬೆರಳು ಮಾಡಿದರು. ವಾಹನ ನಿಲ್ಲಿಸುವ ಜಾಗದಲ್ಲಿ ಮೂಲೆಯೊಂದು ಕೆರೆಯಾಗಿತ್ತು. ಕೊಡೆ ಹಿಡಿದ ಕಾವಲುಗಾರನೊಬ್ಬ ಅದರ ನಡುವೆ ಬಗ್ಗಿ, ಬರಿಗೈಯಲ್ಲಿ ಎಲೆಗಳನ್ನು ಬಾಚಿ ತೆಗೆಯುತ್ತಾ, ನಡುನಡುವೆ ತಲೆಯೆತ್ತಿ ನಮ್ಮ ಕಿಟಕಿಯನ್ನು ಅಂಜುತ್ತಾ ನೋಡುತ್ತಿದ್ದ.

“ಬೆಳಗ್ಗೆಯಿಂದ ನಾಲ್ಕು ಸಲ ಫೋನ್ ಮಾಡಿದಾಳೆ ಅವನಿಗೆ” ಅಂದರು ಮೇಂಗ್.

ಕೆಳಗಿನ ನೀರು ಮೆಲ್ಲಗೆ ಸುಳಿ ತಿರುಗಿ ಇಳಿಯತೊಡಗಿತು. ಅಕ್ಕ ಕಿಟಕಿಯಿಂದ ಕಣ್ಣು ತೆಗೆಯದೆ, ಅಷ್ಟರಲ್ಲಿ ಮೇಂಗ್ ಸುಲಿದಿಟ್ಟಿದ್ದ ಹಣ್ಣಿನ ತಟ್ಟೆಯನ್ನು ನನ್ನ ಕಡೆಗೆ ಸರಿಸಿದರು.

“ತಿನ್ನಿ, ಯಜಮಾನ್ರೇ. ಆ ಗೇಟಿನ ಹತ್ರ ಇನ್ನೊಂದು ಜಾಲರಿ ಬಾಕಿ ಇದೆ. ಅವನು ಅಲ್ಲಿಗೆ ಹೋಗೋದನ್ನ ನೋಡ್ಬಿಟ್ಟು ಮಾತಾಡೋಣ.”